‘ಅನಿಸಿತು’ ಅನ್ನುವುದನ್ನು ಕ್ಯಾಮೆರಾ ಹೆಂಗ ಹಿಡೀಬೇಕು?

ದೆವ್ವದ ಕಾದಂಬರಿಯಲ್ಲಿ ದೆವ್ವಕ್ಕಿಂತ ಹೆಚ್ಚು ದುಡಿಯುವ ಪದ ‘ಅನಿಸಿತು’. “ಹಿಂದೆ ಯಾರೋ ನಿಂತಂತೆ ಅನಿಸಿತು.” ನಿಂತಿದ್ದರೋ ಇಲ್ಲವೋ, ಬರೆದವರು ಹೇಳುವುದಿಲ್ಲ, ಓದುವವರು ಕೇಳುವುದಿಲ್ಲ. ಅದೇ ಸಾಲು ಚಿತ್ರಕಥೆಗೆ ಬಂತೆಂದರೆ ನಿರ್ದೇಶಕ ತೀರ್ಮಾನ ಮಾಡಲೇಬೇಕು: ಅಲ್ಲಿ ಯಾರನ್ನಾದರೂ ನಿಲ್ಲಿಸುವುದೋ ಬೇಡವೋ? ನಿಲ್ಲಿಸಿದರೆ ದೆವ್ವ ಖರೆ, ಬಿಟ್ಟರೆ ನಾಯಕಿಗೆ ಭ್ರಮೆ. ಇಂಥ ಚಿತ್ರಗಳು ಸೋಲುವುದು ಬಹಳ ಸಲ ಇಲ್ಲೇ, ಗ್ರಾಫಿಕ್ಸ್‌ನಲ್ಲಿ ಅಲ್ಲ.

‘ನಾ ನಿನ್ನ ಬಿಡಲಾರೆ’ (1979) ನೆನಪಿಸಿಕೊಳ್ಳಿ. ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರ ಸಂಗೀತ. ಹೆಸರಲ್ಲೇ ಅರ್ಧ ಕೆಲಸ ಮುಗಿದಿದೆ. ಪ್ರೀತಿಸಿದವರೂ ಆಡುವ ಮಾತು, ಬೆನ್ನು ಹತ್ತಿದ ದೆವ್ವವೂ ಆಡುವ ಮಾತು. ಈ ಎರಡು ಅರ್ಥವನ್ನೂ ಕಡೇತನಕ ಜೀವಂತ ಇಡುವುದೇ ರೂಪಾಂತರದ ಕಸುಬು.

ಬಾಗಿಲಿನ ದೃಶ್ಯವನ್ನೇ ತೆಗೆದುಕೊಳ್ಳಿ. ಮೊದಲು ಪಡಸಾಲೆಯಲ್ಲಿ ಮಾಮೂಲು ಮಾತುಕತೆ, ಹಿಂದೆ ಮುಚ್ಚಿದ ಬಾಗಿಲು, ಅದಕ್ಕೆ ಯಾವ ಒತ್ತೂ ಬೇಡ. ಆಮೇಲೆ ನಾಯಕಿಯ ಮುಖ, ಎಂಟು-ಹತ್ತು ಸೆಕೆಂಡು. ಬಾಗಿಲು ಚೌಕಟ್ಟಿನ ಹೊರಗೆ, ಸಪ್ಪಳ ಮಾತ್ರ ಒಳಗೆ. ಮೂರನೇ ಶಾಟ್‌ನಲ್ಲಿ ಬಾಗಿಲು ಒಂದು ಗೇಣು ತೆರೆದಿದೆ. ಸರಿದದ್ದನ್ನು ಯಾರೂ ನೋಡಿಲ್ಲ. ಕೆಡುವುದು ಎಲ್ಲಿ ಅಂದರೆ, ಸಪ್ಪಳದ ಮೇಲೆ ಪಿಟೀಲು ಕಿರುಚಿಸಿದಾಗ. ಮಣ್ಣಿನ ಮಾಳಿಗೆ ಮನೆಯಲ್ಲಿ ಹಗಲೆಲ್ಲ ಕಾದ ಜಂತಿ ರಾತ್ರಿ ತಣ್ಣಗಾಗುತ್ತ ‘ಚಟ್’ ಅನ್ನುತ್ತದೆ. ಅದನ್ನು ರೆಕಾರ್ಡ್ ಮಾಡಿ. ಫ್ಯಾನು, ಫ್ರಿಜ್ಜು ಬಂದ್ ಮಾಡಿ ಒಂದೊಂದು ಕೋಣೆಯ ಬರೀ ಮೌನವನ್ನೂ ಒಂದು ನಿಮಿಷ ಹಿಡಿದಿಡಿ. ಇದನ್ನು ಮರೆತರೆ ಮಿಕ್ಸಿಂಗ್‌ನಲ್ಲಿ ಖಾಲಿ ಜಾಗ ತುಂಬಲು ಸಂಗೀತವೇ ಗತಿ.

‘ದಿ ಎಕ್ಸಾರ್ಸಿಸ್ಟ್’ (ಕಾದಂಬರಿ 1971, ಚಿತ್ರ 1973) ತೆಗೆದವರು ಮಲಗುವ ಕೋಣೆಯ ಸೆಟ್ಟನ್ನೇ ಮಂಜುಗಡ್ಡೆಯಷ್ಟು ತಣ್ಣಗೆ ಮಾಡಿ ಉಸಿರು ಹೊಗೆಯಾಗಿ ಕಾಣುವಂತೆ ಮಾಡಿದರು. ಅವರ ಭಯಕ್ಕೆ ಚಳಿ ಒಪ್ಪುತ್ತದೆ. ಗದಗದಲ್ಲಿ ಕಥೆ ನಡೆಸಿ ನೀಲಿ ದೀಪ, ಮಂಜು ಹಾಕಿದರೆ ಊಟಿಗೆ ಹೋದಂಗಾಗುತ್ತದೆ ಅಷ್ಟೇ. ನಮ್ಮ ಕಡೆ ಗಾಳಿ ಸೋಕುವ ಹೊತ್ತು ಮಟಮಟ ಮಧ್ಯಾಹ್ನ. ದೆವ್ವಕ್ಕೆ ನೆರಳಿಲ್ಲ ಅನ್ನುತ್ತಾರಲ್ಲ, ಹುಬ್ಬಳ್ಳಿ-ಧಾರವಾಡ, ಗದಗದಲ್ಲಿ ಮೇ ಮೊದಲ ವಾರದ ಆರಂಭದಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ಹಾವೇರಿಯಲ್ಲಿ ಒಂದೆರಡು ದಿನ ಮೊದಲು. ಸುಮಾರು 12 ಗಂಟೆ 25 ನಿಮಿಷಕ್ಕೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲ. ಮನುಷ್ಯರದು ಕಾಲ ಬುಡದಲ್ಲೇ ಅಡಗಿಬಿಡುತ್ತದೆ. ಅಂಗಳದಲ್ಲಿ ಮನೆಮಂದಿಯನ್ನೆಲ್ಲ ನಿಲ್ಲಿಸಿ ಮೇಲಿನಿಂದ ಒಂದು ಶಾಟ್ ತೆಗೆಯಿರಿ, ಯಾರು ದೆವ್ವ ಯಾರು ಅಲ್ಲ ಹೇಳಲಾಗದು. ಸಿಗುವುದು ಕೆಲವೇ ನಿಮಿಷ, ರಿಹರ್ಸಲ್ ಹಿಂದಿನ ದಿನವೇ ಆಗಿರಬೇಕು. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರುತ್ತದೆ, ಆದರೆ ಮೋಡ ನಂಬಿ ಕೂಡಬೇಡಿ.

ನಮ್ಮ ಭಾಗದ ಕಾದಂಬರಿಗೆ ಇನ್ನೊಂದು ಜಾಗ ಹಗೇವು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ನೆಲದೊಳಗಿನ ಕಣಜ. ಒಳಗಿನ ಕಾಳೂ ಉಸಿರಾಡುತ್ತದೆ. ಆಮ್ಲಜನಕ ತೀರುತ್ತದೆ, ಗಾಳಿಗಿಂತ ಒಂದೂವರೆ ಪಟ್ಟು ಭಾರದ ಇಂಗಾಲದ ಡೈ ಆಕ್ಸೈಡ್ ತಳದಲ್ಲಿ ಕೂಡುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಅದಕ್ಕೇ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ.

ಆ ದೀಪ ಆರುವುದೇ ದೃಶ್ಯ. ವಿವರಣೆ ಬೇಡ. ಶೂಟಿಂಗ್‌ಗೆ ನಿಜವಾದ ಹಗೇವು ಬಳಸಬೇಡಿ. ಆರಡಿ ಆಳದ ಸೆಟ್ ಹಾಕಿ, ಒಂದು ಪಕ್ಕ ಬಿಚ್ಚುವಂತಿರಲಿ. ತಳದಲ್ಲಿ ಡ್ರೈ ಐಸ್ ಇಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಇಳಿದ ದೀಪ ತಾನೇ ಆರುತ್ತದೆ. ನೀರು ಮಾತ್ರ ಹಾಕಬೇಡಿ, ಬಿಳಿ ಹೊಗೆ ಎದ್ದು ‘ಅನಿಸಿತು’ ಅಲ್ಲೇ ಸತ್ತುಹೋಗುತ್ತದೆ. ನೆನಪಿರಲಿ, ಡ್ರೈ ಐಸ್ ಬಿಡುವುದೂ ಅದೇ ಅನಿಲ, ಕೊಲ್ಲುವುದೂ ಅದೇ ರೀತಿ. ನಟನನ್ನು ಇಳಿಸುವ ಶಾಟ್ ಬೇರೆ ದಿನ, ಪಕ್ಕ ಬಿಚ್ಚಿ ಗಾಳಿಯಾಡಿದ ಮೇಲೆ.

ದೃಷ್ಟಿ ತೆಗೆಯುವ ದೃಶ್ಯದಲ್ಲಿ ಕಲಾ ವಿಭಾಗದವರು ಒಂದು ಸಣ್ಣ ತಪ್ಪು ಮಾಡಬಹುದು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಅಂತ ಲೆಕ್ಕ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಹಂಗ ನೋಡಿದರ ಹಾವೇರಿ ಜಿಲ್ಲೆಯ ಮಂದಿಗೆಲ್ಲ ದೃಷ್ಟಿ ಆಗೇತಿ ಅನಬೇಕು. ಅದನ್ನು ಬಿಟ್ಟು ಖಾರದ ಗುಂಟೂರು ಕಾಯಿ ತಂದರೆ ಎರಡನೇ ಟೇಕ್‌ಗೆ ನಟಿಯ ಗಂಟಲೇ ಕಟ್ಟಿರುತ್ತದೆ.

ಕೊನೆಗೆ ಭಾಷೆ. ಹುಬ್ಬಳ್ಳಿ ಮಾತು ಕೇಳಿದರೆ ನಗಬೇಕು ಅಂತ ಸಿನಿಮಾಗಳೇ ಪ್ರೇಕ್ಷಕರಿಗೆ ರೂಢಿ ಮಾಡಿಸಿವೆ. ದೆವ್ವ ಒಂದೇ “ನೀ ಎಲ್ಲಿ ಹೊಂಟಿ” ಅಂದರೆ ಥಿಯೇಟರ್ ನಗುತ್ತದೆ. ಡಾಕ್ಟರ್, ಇನ್‌ಸ್ಪೆಕ್ಟರ್, ನಾಯಕ ಎಲ್ಲರೂ ಮೊದಲ ದೃಶ್ಯದಿಂದ ಇದೇ ಕನ್ನಡ ಆಡಬೇಕು, ಡಬ್ಬಿಂಗ್‌ಗೂ ಅದೇ ಕಲಾವಿದರೇ ಬರಬೇಕು. ಆಗ ಈ ಭಾಷೆಯ ಒಂದು ಪ್ರತ್ಯಯದಿಂದಲೇ ಹೆದರಿಸಬಹುದು. ಮುಕ್ಕಾಲು ಚಿತ್ರದವರೆಗೆ ಸೊಸೆ ದಿನಾ “ಅತ್ತಿಯವರ, ಚಾ ಕುಡೀತೀರಿ?” ಅಂತಿರಲಿ. ಒಂದು ಮಧ್ಯಾಹ್ನ, ಅದೇ ದನಿ, ಅದೇ ಮುಖ, ಮೇಕಪ್ ಏನೂ ಬದಲಿಲ್ಲ, ಕಪ್ಪು ಹಿಡಿದುಕೊಂಡು ಬಂದು ಅನ್ನಲಿ: “ಚಾ ಕುಡೀತಿ?”