ಸೀಗಿ ಹುಣ್ಣಿಮಿ ಸ್ಪೆಷಲ್ ಅಂತ, ಏನ್ ಸ್ಪೆಷಲ್ರೀ?

ದಸರಾಕ್ಕ ಬನ್ನಿ ಕೊಟ್ಟು ಐದ ದಿನಕ್ಕ ಸೀಗಿ ಹುಣ್ಣಿಮಿ. ಬಾಗಲಕೋಟಿ ಹೋಟೆಲ್‌ಗಳ ಮುಂದ ಬ್ಯಾನರ್ ಎದ್ದ ಬಿಡ್ತಾವು: 'ಚರಗದ ಊಟ, ಸ್ಪೆಷಲ್ ಥಾಲಿ'. ಚರಗ ಚೆಲ್ಲೋದು ಹೊಲದಾಗ್ರೀ! ಬನ್ನಿ ಗಿಡದ ಬುಡಕ ಐದ ಕಲ್ಲಿಟ್ಟು ಪಾಂಡವರಂತ ಪೂಜಿ ಮಾಡಿ, ಭೂಮಿತಾಯಿಗೆ ಉಡಿ ತುಂಬಿ, ಮಾಡಿದ ಅಡಿಗಿನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲಿ ಆಮ್ಯಾಲ ಉಣ್ಣೋದು. ಹೋಗ್ಲಿ, ಹೊಲ ಇಲ್ಲದವರೂ ಹಬ್ಬ ಮಾಡಬೇಕಲ್ಲ, ಹೋಟೆಲಿಗೆ ಹೋದರ ತಪ್ಪಿಲ್ಲ. ಆದರ ಹಬ್ಬದ ಹೆಸರಲೆ ರೊಕ್ಕ ಎಣಿಸ್ಕೊಂಡ ಮ್ಯಾಲ ಅಡಿಗಿ ಆದರೂ ನೆಟ್ಟಗ ಮಾಡ್ರಿ.

ಈ ಥಾಲಿಯೊಳಗಿನ ಸಜ್ಜಿ ರೊಟ್ಟಿ ಯಾಕ ಕಹಿ? ಹಿಟ್ಟು ಹಳೇದು, ಅದಕ್ಕ. ಸಜ್ಜ್ಯಾಗ ಎಣ್ಣಿ ಅಂಶ ಜಾಸ್ತಿ, ಬೀಸಿಸಿ ವಾರ ಇಟ್ಟರ ಮುಗಿದ ಹೋತು. ಹಬ್ಬದ ಹಿಂದಿನ ದಿನ ಬೀಸಿಸಿ, ಕುದಿಯೋ ನೀರು ಹಾಕಿ ನಾದಿ, ಆಗಿಂದಾಗ ಬಡೀಬೇಕು. ಈ ಹೋಟೆಲಿನವರು ಮುಂಜಾನೆನ ಎಲ್ಲಾ ಹಿಟ್ಟು ನಾದಿ ಇಡ್ತಾರ, ಮಧ್ಯಾಹ್ನಕ್ಕ ಬಡಿದರ ಹರಿತೈತಿ. ಹರೀಬಾರದಂತ ಮೈದಾ ಬೆರಸ್ತಾರ! ಆರಿದ ಕೂಡಲೇ ರಬ್ಬರ್. ಎಳ್ಳು ಹಸಿ ರೊಟ್ಟಿಗೆ ನೀರು ಸವರಿ ಒತ್ತಬೇಕು, ಇವರು ಬೇಯಿಸಿದ ಮ್ಯಾಲ ಉದುರಸ್ತಾರ, ಎಲ್ಲಾ ತಾಟಿನ್ಯಾಗ.

ಎಣ್ಣಿಗಾಯಿ ಕಥಿ ಇನ್ನೂ ಘೋರ. ಎಳೇ ಬದನಿಕಾಯಿ ತೊಟ್ಟು ಬಿಡದಂಗ ನಾಕ ಸೀಳು ಮಾಡಿ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸಿ, ಬೆಲ್ಲ, ಮಸಾಲಿ ಖಾರ ತುಂಬಿ ಸಣ್ಣ ಉರಿ ಮ್ಯಾಲ ಎಣ್ಣ್ಯಾಗ ಬೇಯಿಸಬೇಕು. ಇವರು ಪನೀರ್ ಮಸಾಲಾದ ಗೋಡಂಬಿ ಗ್ರೇವಿಯೊಳಗ ಕರಿದ ಬದನಿಕಾಯಿ ಮುಳುಗಿಸಿ ಕೊಡ್ತಾರ. ಗುರೆಳ್ಳಿನ ಸುಳಿವಿಲ್ಲ.

ಹೂರಣಗಡಬಿಗೆ ಕಡ್ಲಿಬ್ಯಾಳಿ ಬೆಂದ ಮ್ಯಾಲ ಕಟ್ಟು, ಅಂದ್ರ ಬ್ಯಾಳಿ ಬೆಂದ ನೀರು, ಪೂರ್ತಿ ಬಸೀಬೇಕು, ಸಮ ಬೆಲ್ಲ ಹಾಕಿ ಗಟ್ಟಿ ಆಗೋತನಕ ಕುದಿಸಿ ಅರಿಬೇಕು. ಅವಸರ ಮಾಡಿದರ ಹೂರಣ ನೀರಾಗಿ ಕಡಬು ಎಣ್ಣ್ಯಾಗ ಒಡಿತಾವು, ಅದಕ್ಕ ಪುಟಾಣಿ ಹಿಟ್ಟಿನ ತ್ಯಾಪಿ. ಬಸಿದ ಕಟ್ಟಿನ ಸಾರಾದರೂ ಕೊಡಬೇಕಲ್ಲ? ದಿನದ ಸಾಂಬಾರ್! ಕಡಬು ತಲಿಗೆ ಒಂದ, ಎರಡನೇದಕ್ಕ ಬಿಲ್ ಬ್ಯಾರೆ.

ಇದನ್ನ ಪಾರ್ಸಲ್ ಕಟ್ಟಿಸ್ಕೊಂಡು ಕಾರಿನ್ಯಾಗ ಯಾರದೋ ಹೊಲಕ್ಕ ಹೋಗಿ, ಫೋಟೋ ಹೊಡಕೊಂಡು, ಪ್ಲಾಸ್ಟಿಕ್ ಡಬ್ಬಿ ಬದುವಿನ್ಯಾಗ ಒಗದು ಬರೋ ಪುಣ್ಯಾತ್ಮರೇ, ಅವು ಗಾಳಿಗೆ ಹಾರಿ ಜೋಳದ ಸಾಲಿನ್ಯಾಗ ಬೀಳ್ತಾವು. ಸಾಲಿನ ನಡುವಿನ ಕಸ ತಗಿಯಾಕ ಎಡಿ ಹೊಡಿಯೋವಾಗ ಕುಂಟಿಗೆ ಸಿಕ್ಕು ಪೈರನ್ನೂ ಕಿತ್ತಕೊಂಡು ಬರ್ತಾವು. ಡಬ್ಬಿ ನಿಮ್ಮನಿಗೇ ಒಯ್ರಿ!