ಅಂಟೂ ಇಲ್ಲ, ನಂಟೂ ಇಲ್ಲ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರವನ್ನು ಯಾರು ಏನು ಬೇಕಾದರೂ ಬೈಯಲಿ, ನಾನು ಮಾತ್ರ ಅದರ ಗೋಂದಿನ ಅಭಿಮಾನಿ.

ಪೆಟ್ರೋಲ್ ಪಂಪಿಗೆ ಕಡ್ಡಾಯವಾಗಿ ಅಂಟಿಸಬೇಕು ಅಂತ 2019ರಲ್ಲಿ ಅದು ಒಂದು ಸ್ಟಿಕ್ಕರ್ ಹಂಚಿತ್ತು. ಹೊಗೆ ಉಗುಳುವ ಇಂಧನದ ಮೇಲೆ ಕೇಂದ್ರ ಹಾಕಿದ ಕಾರ್ಬನ್ ತೆರಿಗೆ ಲೀಟರಿಗೆ ಈಗ 4.4 ಸೆಂಟ್, 2022ಕ್ಕೆ 11 ಸೆಂಟ್ ಅಂತ ಹೆದರಿಸುತ್ತಿದ್ದದ್ದು. ಅಂಟಿಸದ ಕಂಪನಿಗೆ ದಿನಕ್ಕೆ 10,000 ಡಾಲರ್‌ವರೆಗೂ ದಂಡ. ಕೆಲವೇ ತಿಂಗಳಲ್ಲಿ ಸ್ಟಿಕ್ಕರ್‌ಗಳು ತಾವಾಗಿಯೇ ಕಳಚಿಕೊಳ್ಳತೊಡಗಿದವು. ಅಂಟಿಯೂ ಅಂಟದ ಹಾಗೆ ಇರಬೇಕು ಅಂತ ಹಿರಿಯರು ಹೇಳುತ್ತಾರಲ್ಲ, ಆ ವೈರಾಗ್ಯ ಮನುಷ್ಯರಿಗಂತೂ ಬರಲಿಲ್ಲ. ಸ್ಟಿಕ್ಕರಿಗೆ ಬಂತು.

ಇದೇ ಸರ್ಕಾರ 2020ರಲ್ಲಿ ಕಾರುಗಳಿಗೆ ಹೊಸ ನೀಲಿ ನಂಬರ್ ಪ್ಲೇಟ್ ತಂದಿತು. ಹಗಲು ಬಲು ಚೆಂದ. ಕತ್ತಲಾದರೆ ನಂಬರ್ ಕಾಣುತ್ತಿರಲಿಲ್ಲ. ಅದನ್ನು ಎತ್ತಿ ತೋರಿಸಿದ್ದು ಒಬ್ಬ ಪೊಲೀಸ್! ಕೆಲವೇ ತಿಂಗಳಲ್ಲಿ ಪ್ಲೇಟೂ ವಾಪಸ್. ಓದಬೇಕಾದದ್ದು ಕಾಣುವುದಿಲ್ಲ, ಅಂಟಬೇಕಾದದ್ದು ನಿಲ್ಲುವುದಿಲ್ಲ. ಇಂಥವರು ಹವಾಮಾನ ನೀತಿ ಬರೆಯುತ್ತಾರೆ.

ಹಾಗಂತ ಹಿಂದಿನ ಸರ್ಕಾರ ಬರೆದ ನೀತಿ ಇರಲಿಲ್ಲ ಅಂತಲ್ಲ. ಹೊಗೆಗೊಂದು ಮಿತಿ, ಉಗುಳುವಷ್ಟಕ್ಕೂ ಪರವಾನಗಿ, ಅದನ್ನು ಕೊಳ್ಳಲು ಕ್ವಿಬೆಕ್ ಮತ್ತು ಕ್ಯಾಲಿಫೋರ್ನಿಯಾ ಜೊತೆ ಸೇರಿ ಒಂದು ಮಾರುಕಟ್ಟೆ. ಎಲ್ಲ ಇತ್ತು. 2018ರಲ್ಲಿ ಪ್ರಾಂತ್ಯದ ಮುಖ್ಯಸ್ಥರಾಗಿ ಡಗ್ ಫೋರ್ಡ್ ಬಂದವರೇ ಕಿತ್ತೆಸೆದರು. ಸ್ವಂತ ವ್ಯವಸ್ಥೆ ಇಲ್ಲದ ಪ್ರಾಂತ್ಯಕ್ಕೆ ಕೇಂದ್ರದ ತೆರಿಗೆ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಬಂತು. ಕೈಯಲ್ಲಿದ್ದ ಕೊಡೆ ಮುರಿದು, ಮಳೆ ಬಿತ್ತು ಅಂತ ಪಕ್ಕದವರ ಗೋಡೆಗೆ ನೋಟೀಸ್ ಅಂಟಿಸಿದ ಹಾಗಾಯಿತು. ಅದೂ ಅಂಟದ ನೋಟೀಸು.

ಆ ತೆರಿಗೆಯ ಬಹುಪಾಲು ಜನರಿಗೇ ವಾಪಸ್ ಬರುತ್ತಿತ್ತು. ಮೊದಲ ವರ್ಷ ನಾಲ್ಕು ಜನರ ಕುಟುಂಬಕ್ಕೆ 307 ಡಾಲರ್. ಸ್ಟಿಕ್ಕರಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲ, ಪಾಪ. ಬಂಕಿನವರ ಬಾಯಲ್ಲಿ ಆಳುವ ಪಕ್ಷದ ಮಾತು ಆಡಿಸುವಂತಿಲ್ಲ ಎಂದು 2020ರ ಸೆಪ್ಟೆಂಬರಿನಲ್ಲಿ ಕೋರ್ಟು ಆ ಕಾನೂನನ್ನೇ ತೆಗೆದುಹಾಕಿತು. ಅಷ್ಟರಲ್ಲಿ ಗೋಂದು ಅರ್ಧ ಕೆಲಸ ಮುಗಿಸಿತ್ತು.

ನಗು ಇಲ್ಲಿಗೆ ಸಾಕು. 2014ರಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಮಾಡುವುದನ್ನು ಪೂರ್ತಿ ನಿಲ್ಲಿಸಿದ ಪ್ರಾಂತ್ಯ ಇದು. ಸಣ್ಣ ಕೆಲಸ ಅಲ್ಲ. ನಾಲ್ಕೇ ವರ್ಷದಲ್ಲಿ ಅದೇ ಜಾಗದಲ್ಲಿ 758 ಹಸಿರು ವಿದ್ಯುತ್ ಒಪ್ಪಂದಗಳನ್ನು ಹರಿದರು. ಹರಿದದ್ದಕ್ಕೆ ಖರ್ಚು 23 ಕೋಟಿ 10 ಲಕ್ಷ ಡಾಲರ್. ಗಾಳಿಯಂತ್ರ ನೆಡುವುದಕ್ಕಲ್ಲ, ನೆಡದೇ ಇರುವುದಕ್ಕೆ! ಕೇಳಿದರೆ ಹೆಮ್ಮೆಯಿದೆ ಅಂದರು ಮುಖ್ಯಸ್ಥರು. ಕಾರ್ಬನ್ ತೆರಿಗೆ ವಿರುದ್ಧ ಕೋರ್ಟಿಗೆ ಹೋಗಲು ಬೇರೆ 3 ಕೋಟಿ ತೆಗೆದಿಟ್ಟಿದ್ದರು. 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು.

2025ರ ಏಪ್ರಿಲ್‌ನಿಂದ ಪೆಟ್ರೋಲಿನ ಮೇಲೆ ಆ ತೆರಿಗೆಯೂ ಇಲ್ಲ. ಮನೆಗೆ ಬರುತ್ತಿದ್ದ ಆ ದುಡ್ಡೂ ನಿಂತುಹೋಯಿತು. ಅದನ್ನು ಹೇಳುವ ಸ್ಟಿಕ್ಕರ್ ಮಾತ್ರ ಯಾವ ಪಂಪಿನ ಮೇಲೂ ಕಾಣಲಿಲ್ಲ.