ಬೈತ್ ಜಾಲಾದವರ ಊರು, ನಮ್ಮ ಊರು

ಚಿಲಿಯ ಸ್ಯಾಂಟಿಯಾಗೋಗೆ ಬಂದು ನನಗೆ ಒಂಬತ್ತು ವರ್ಷವಾಯಿತು. ಇಲ್ಲಿ ಪತ್ರೊನಾತೋ ಅಂತ ಒಂದು ಬಟ್ಟೆ ಪೇಟೆ ಇದೆ. ಮೊದಲ ಸಲ ಅಲ್ಲಿಗೆ ಮಗನಿಗೆ ಸ್ವೆಟರ್ ತರಲು ಹೋಗಿದ್ದೆ. ಅಂಗಡಿಯ ಹಿರಿಯರು ನಾನು ಎಲ್ಲಿಯವನು ಎಂದು ಕೇಳಿದರು. ಭಾರತ ಎಂದೆ. "ಅದು ಗೊತ್ತಾಯಿತು, ಭಾರತದಲ್ಲಿ ಯಾವ ಊರು?" ಎಂದರು. ಅಲ್ಲಿಯವರೆಗೆ ಇಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕುಂದಾಪುರ ಎಂದೆ. ತಮ್ಮದು ಬೈತ್ ಜಾಲಾ ಎಂದರು. ಅವರು ಹುಟ್ಟಿದ್ದು ಸ್ಯಾಂಟಿಯಾಗೋದಲ್ಲಿ, ಅವರ ಅಪ್ಪ ಹುಟ್ಟಿದ್ದೂ ಇಲ್ಲೇ. ಆದರೆ ಊರು ಎಂದರೆ ಪ್ಯಾಲೆಸ್ತೀನ್‌ನ ಬೆತ್ಲೆಹೆಮ್‌ಗೆ ಅಂಟಿಕೊಂಡಂತಿರುವ ಬೈತ್ ಜಾಲಾ.

ಅವತ್ತಿನಿಂದ ನನಗೆ ಈ ಜನರ ಬಗ್ಗೆ ಕುತೂಹಲ. ಚಿಲಿಯಲ್ಲಿ ಪ್ಯಾಲೆಸ್ತೀನ್ ಮೂಲದವರು ಸುಮಾರು 5 ಲಕ್ಷ ಇದ್ದಾರೆ ಎಂಬ ಅಂದಾಜಿದೆ. ಹೆಚ್ಚಿನವರ ಮೂಲ ಮೂರೇ ಊರು. ಬೆತ್ಲೆಹೆಮ್, ಬೈತ್ ಜಾಲಾ, ಬೈತ್ ಸಾಹೂರ್. ಪ್ರತಿ ಚಿಲಿ ಊರಲ್ಲೂ ಒಬ್ಬ ಪಾದ್ರಿ, ಒಬ್ಬ ಪೊಲೀಸ್, ಒಬ್ಬ ಪ್ಯಾಲೆಸ್ತೀನಿ ಇದ್ದೇ ಇರುತ್ತಾರೆ ಎಂಬ ಮಾತು ಇಲ್ಲಿ ಚಾಲ್ತಿಯಲ್ಲಿದೆ. ನಮ್ಮಲ್ಲಿ ಯಾವ ಪೇಟೆಗೆ ಹೋದರೂ ಒಂದು ಉಡುಪಿ ಹೋಟೆಲ್ ಇರುತ್ತದೆ ಅಂತೀವಲ್ಲ, ಹಾಗೆ.

ಈಗ ಇವರನ್ನು ಎಲ್ಲರೂ ವಲಸಿಗರು ಎನ್ನುತ್ತಾರೆ. ಆದರೆ ಇವರ ಹಿರಿಯರಲ್ಲಿ ಹೆಚ್ಚಿನವರು ಊರು ಬಿಡಬೇಕೆಂದು ಹೊರಟವರಲ್ಲ, ವ್ಯಾಪಾರಕ್ಕೆ ಹೊರಟವರು. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಬೆತ್ಲೆಹೆಮ್‌ನಲ್ಲಿ ಮುತ್ತಿನ ಚಿಪ್ಪು ಕೊರೆಯುವ ಕಸುಬು ನೂರಾರು ವರ್ಷಗಳದ್ದು. ಚಿಪ್ಪಿಗೆ ಅರಬಿಯಲ್ಲಿ ಸದಫ್ ಎನ್ನುತ್ತಾರೆ. ಚಿಪ್ಪು ಮತ್ತು ಆಲಿವ್ ಮರದಿಂದ ಜಪಮಾಲೆ, ಶಿಲುಬೆ, ಯೇಸುವಿನ ಸಮಾಧಿ ಚರ್ಚಿನ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದರು. ಫ್ರಾನ್ಸಿಸ್ಕನ್ ಪಾದ್ರಿಗಳು ಈ ಕಸುಬಿಗೆ ಒತ್ತಾಸೆಯಾಗಿದ್ದರು. ಯಾತ್ರೆಗೆ ಬಂದವರು ಕೊಂಡುಹೋಗುತ್ತಿದ್ದರು. 19ನೇ ಶತಮಾನದಲ್ಲಿ ಹಬೆ ಹಡಗುಗಳು ಬಂದವು. ಆಗ ಕೆಲವರಿಗೆ ಅನಿಸಿತು: ಯಾತ್ರಿಕರು ಬರಲಿ ಎಂದು ಕಾಯುವುದೇಕೆ, ಮಾಲನ್ನು ನಾವೇ ಅವರ ಊರಿಗೆ ಒಯ್ಯೋಣ. ಪ್ಯಾಲೆಸ್ತೀನ್‌ನ ಯಾಫಾ ಬಂದರಿನಲ್ಲಿ ಹಡಗು ಹತ್ತಿದರು. 1893ರ ಷಿಕಾಗೋ ವಿಶ್ವ ಮೇಳದಲ್ಲಿ ಬೆತ್ಲೆಹೆಮ್‌ನವರು ಮಾಲು ಹರಡಿ ಕೂತಿದ್ದರು. ಹೈಟಿ, ಹೊಂಡುರಾಸ್, ಎಲ್ ಸಾಲ್ವಡಾರ್, ಚಿಲಿ, ಅತ್ತ ಫಿಲಿಪ್ಪೀನ್ಸ್‌ನ ಮನಿಲಾ. ಕ್ಯಾಥೊಲಿಕರು ಎಲ್ಲೆಲ್ಲಿದ್ದರೋ ಅಲ್ಲೆಲ್ಲ ಇವರ ಜಪಮಾಲೆ ಮುಟ್ಟಿತು. ಯೇಸು ಹುಟ್ಟಿದ ಊರಿನ ಮಾಲು ಎಂದರೆ ಬೇರೆ ಜಾಹೀರಾತು ಬೇಕೇ?

ಇಲ್ಲಿ ನನಗೆ ನಮ್ಮ ಕಡೆಯವರ ನೆನಪಾಗುತ್ತದೆ. ನನ್ನ ದೊಡ್ಡಪ್ಪ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಹೋದವರು. ಹೋಟೆಲಲ್ಲಿ ಲೋಟ ತೊಳೆದರು, ಮೇಜು ಒರೆಸಿದರು, ಸಪ್ಲೈಯರ್ ಆದರು, ಕೊನೆಗೆ ಗಲ್ಲಾದ ಮೇಲೆ ಕೂತರು. ನಮ್ಮೂರಿಂದ ಮುಂಬಯಿಗೆ ಹೋದದ್ದು ಮಾಲಲ್ಲ, ಹುಡುಗರು. ಅಕ್ಕಿ, ಉದ್ದು ಎಲ್ಲ ಅಲ್ಲಿಯ ಮಾರ್ಕೆಟ್‌ನದ್ದೇ. ಊರಿಗೆ ವಾಪಸ್ ಬಂದದ್ದು ಮನಿ ಆರ್ಡರ್. ಬೆತ್ಲೆಹೆಮ್‌ನಲ್ಲಿ ಹಾಗಲ್ಲ. ಒಬ್ಬ ಹೊರಗೆ ಹೋಗಿ ಮಾರಿದರೆ ಊರಲ್ಲಿ ಹತ್ತಾರು ಕೈಗೆ ಕೆಲಸ ಸಿಗುತ್ತಿತ್ತು. ಹೋದವನಿಗೂ ಊರಿಗೂ ನಡುವೆ ಹಣ ಮಾತ್ರವಲ್ಲ, ಮಾಲೂ ಓಡಾಡುತ್ತಿತ್ತು. ಇದು ನಮಗಿಂತ ಒಳ್ಳೆಯ ದಾರಿ ಎಂದೇ ನನ್ನ ಅನಿಸಿಕೆ. ಊರಿಗೆ ದುಡ್ಡು ಕಳಿಸುವುದಕ್ಕಿಂತ ಊರಿಗೆ ಕೆಲಸ ಕಳಿಸುವುದು ದೊಡ್ಡದು. ಚನ್ನಪಟ್ಟಣದ ಗೊಂಬೆಯನ್ನೋ ಬಿದರಿ ಕೆಲಸವನ್ನೋ ಹೆಗಲ ಮೇಲೆ ಹೊತ್ತು ಹೀಗೆ ಮನೆ ಬಾಗಿಲಿಗೆ ಮಾರಿದವರು ನಮ್ಮಲ್ಲಿ ಜಾಸ್ತಿ ಇದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೆ ಜಪಮಾಲೆಯ ವ್ಯಾಪಾರ ಬಹಳ ಕಾಲ ಅವರ ಕೈ ಹಿಡಿಯಲಿಲ್ಲ. ಒಂದು ಮನೆಗೆ ಎಷ್ಟು ಜಪಮಾಲೆ ಬೇಕು? ಹೀಗಾಗಿ ಗಂಟಿನೊಳಗೆ ಸೂಜಿ, ದಾರ, ಗುಂಡಿ, ಬಾಚಣಿಗೆ, ಬಟ್ಟೆ ಸೇರಿದವು. ಚಿಲಿಯಲ್ಲಿ ಹೀಗೆ ಹೊತ್ತು ಮಾರುವವನಿಗೆ ಫಾಲ್ತೆ ಎಂಬ ಹೆಸರಿದೆ. "ಏನಾದರೂ ಬೇಕಾಗಿದೆಯಾ, ಏನು ಕಡಿಮೆ ಬಿದ್ದಿದೆ?" ಎಂದು ಕೂಗುತ್ತಿದ್ದರಂತೆ, ಅದರಿಂದ ಬಂದ ಹೆಸರು. ಮೊದಲು ಬಂದ ನೆಂಟ ಮಾಲನ್ನು ಕಡ ಕೊಡುತ್ತಿದ್ದ. ಮಾರಿದ ಮೇಲೆ ಹಣ. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಅಂಗಡಿ, ಆಮೇಲೆ ಊರಿಂದ ಇನ್ನೊಬ್ಬ ತಮ್ಮ. ಮುಂಬಯಿಯಲ್ಲಿ ನಮ್ಮವರು ಬೆಳೆದದ್ದೂ ಥೇಟ್ ಹೀಗೇ. ಬ್ಯಾಂಕ್ ಇರಲಿಲ್ಲ, ಊರಿನ ಗುರುತೇ ಬ್ಯಾಂಕ್. ಬೆತ್ಲೆಹೆಮ್‌ನ ಹುವಾನ್ ಯಾರೂರ್ ಬೊಲಿವಿಯಾದಲ್ಲಿ ವ್ಯಾಪಾರ ಮಾಡಿ, 1930ರ ದಶಕದಲ್ಲಿ ಸ್ಯಾಂಟಿಯಾಗೋಗೆ ಬಂದು ದೊಡ್ಡ ಹತ್ತಿ ಗಿರಣಿ ತೆರೆದರು, 1937ರಲ್ಲಿ ಒಂದು ಬ್ಯಾಂಕನ್ನೂ ಕಟ್ಟಿದರು. ಆದರೆ ನನ್ನ ಮನಸ್ಸು ಗಿರಣಿಗಿಂತ ಆ ಗಂಟಿನ ಹತ್ತಿರವೇ ನಿಲ್ಲುತ್ತದೆ. ಭಾಷೆ ಬಾರದ ನಾಡಿನಲ್ಲಿ, ದೂಳಿನ ದಾರಿಯಲ್ಲಿ, ಅಪರಿಚಿತರ ಬಾಗಿಲು ತಟ್ಟಿದ ಹುಡುಗರು ಅವರು.

ಅವರನ್ನು ಇಲ್ಲಿ "ತುರ್ಕೊ", ಅಂದರೆ ತುರ್ಕಿಯವನು, ಎಂದು ಕರೆದರು. ಆಗ ಪ್ಯಾಲೆಸ್ತೀನ್ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು, ಇವರ ಕೈಯಲ್ಲಿದ್ದದ್ದು ಅವರ ಕಾಗದ, ಅದಕ್ಕೆ. ತುರ್ಕರ ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಳ್ಳಲೆಂದೇ ಊರು ಬಿಟ್ಟ ಹುಡುಗರಿಗೂ ಅದೇ ಹೆಸರು. ಎಷ್ಟು ನೊಂದಿರಬೇಕು! ಮುಂಬಯಿಯಲ್ಲಿ ದೊಡ್ಡಪ್ಪನನ್ನು ಕೊನೆಯವರೆಗೂ "ಮದ್ರಾಸಿ" ಎಂದರು. ಅವರು ಮದ್ರಾಸ್ ನೋಡಿಯೇ ಇರಲಿಲ್ಲ.

ದುಡಿದವರು ವಾಪಸ್ ಹೋಗುತ್ತಿದ್ದರು ಎಂಬುದನ್ನು ನಾವು ಮರೆಯಬಾರದು. ಬೆತ್ಲೆಹೆಮ್‌ನಲ್ಲಿ ಆ ಕಾಲದ ಬಂಗಲೆಗಳು ಇವತ್ತಿಗೂ ಇವೆ. 1910ರಲ್ಲಿ ಸುಲೈಮಾನ್ ಜಾಸಿರ್ ಕಟ್ಟಿಸಿದ ಅರಮನೆಯಂಥ ಮನೆ ಅವುಗಳಲ್ಲಿ ಹೆಸರಾದದ್ದು. ಅದು ಆಮೇಲೆ ಬ್ರಿಟಿಷರ ಜೈಲಾಯಿತು, ಶಾಲೆಯಾಯಿತು, ಈಗ ಹೋಟೆಲ್. ಪರದೇಶದಲ್ಲಿ ಗಳಿಸಿ ಊರಲ್ಲಿ ಮನೆ ಕಟ್ಟುವುದು ಎಂದರೆ ಊರಿಗೆ ಬರುತ್ತೇನೆ ಎಂದು ಕಲ್ಲಿನಲ್ಲಿ ಬರೆದುಕೊಟ್ಟ ಹಾಗೆ. ಭಟ್ಕಳದಿಂದ ಕುಂದಾಪುರದವರೆಗೆ ದುಬೈ ದುಡ್ಡಿನಲ್ಲಿ ಎದ್ದ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಹೋಗಿ ಬರುವ ಆ ದಾರಿಯನ್ನು ಮುರಿದದ್ದು ಒಂದು ಕಾನೂನು. ಮೊದಲ ಮಹಾಯುದ್ಧದ ಬಳಿಕ ಪ್ಯಾಲೆಸ್ತೀನ್ ಬ್ರಿಟಿಷರ ಕೈಗೆ ಹೋಯಿತು. 1925ರಲ್ಲಿ ಅವರು ಪೌರತ್ವದ ಆದೇಶ ತಂದರು. ಆ ವರ್ಷ ಆಗಸ್ಟ್ 1ಕ್ಕೆ ಅಲ್ಲಿ ವಾಸವಿದ್ದ ತುರ್ಕಿ ಪ್ರಜೆಗಳು ಪ್ಯಾಲೆಸ್ತೀನ್ ಪೌರರಾದರು. ವ್ಯಾಪಾರಕ್ಕೆಂದು ಹೊಂಡುರಾಸ್‌ನಲ್ಲೋ ಚಿಲಿಯಲ್ಲೋ ಇದ್ದವರು ಅರ್ಜಿ ಹಾಕಬೇಕಾಯಿತು. ಅರ್ಜಿ ಹಾಕಿದವರಲ್ಲಿ ಸಾವಿರಾರು ಜನರಿಗೆ ಸಿಕ್ಕಿದ್ದು ಇಲ್ಲ ಎಂಬ ಉತ್ತರ. ಅಮೆರಿಕ ಖಂಡದ ಊರೂರುಗಳಿಂದ ಮನವಿಗಳು ಹೋದವು. ನಾವು ಅಲ್ಲೇ ಹುಟ್ಟಿದವರು, ನಮ್ಮ ಮನೆ ಅಲ್ಲಿದೆ, ತಂದೆತಾಯಿ ಅಲ್ಲಿದ್ದಾರೆ ಎಂದು ಬರೆದರು. ಬ್ರಿಟಿಷರ ಮನಸ್ಸು ಕರಗಲಿಲ್ಲ. ಆಮೇಲೆ ಇಸ್ರೇಲ್ ಹುಟ್ಟಿದ 1948 ಬಂತು, ಬೆತ್ಲೆಹೆಮ್ ಕಡೆಯ ಊರುಗಳೂ ಇಸ್ರೇಲ್ ವಶವಾದ 1967 ಬಂತು. ಪತ್ರೊನಾತೋದ ನನ್ನ ಪರಿಚಯದ ಹಿರಿಯರು ಅಜ್ಜನ ಊರನ್ನು ಎರಡು ಸಲ ನೋಡಿ ಬಂದಿದ್ದಾರೆ. ಎರಡು ಸಲವೂ ಚಿಲಿಯ ಪಾಸ್‌ಪೋರ್ಟ್ ಹಿಡಿದು, ಪ್ರವಾಸಿಯಾಗಿ.

ಇವರನ್ನು ಸುಮ್ನೆ "ವಿದೇಶದಲ್ಲಿ ಗೆದ್ದವರು" ಎಂದು ಹೊಗಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಗೆದ್ದರು, ನಿಜ. 1920ರಲ್ಲಿ ಹುಟ್ಟಿದ ಇವರ ಪಲೆಸ್ತೀನೋ ಫುಟ್‌ಬಾಲ್ ಕ್ಲಬ್ 1955ರಲ್ಲೂ 1978ರಲ್ಲೂ ಚಿಲಿಯ ಚಾಂಪಿಯನ್ ಆಯಿತು. ಆದರೆ ಮನೆಗೆ ಮರಳಬೇಕೆಂದು ಹೊರಟವರ ಬಾಗಿಲನ್ನು ಬೇರೆಯವರು ಮುಚ್ಚಿದರು. ಅದನ್ನೂ ಜೊತೆಗೆ ಹೇಳಬೇಕು.

ನಮ್ಮ ಬಾಗಿಲು ತೆರೆದಿದೆ. ನಾಳೆ ಹೊರಟರೆ ನಾಡಿದ್ದು ಊರು ಮುಟ್ಟಬಹುದು. ಆದರೂ ನಾವು ಹೊರನಾಡಿನವರು ಊರಿನ ನಂಟನ್ನು ನವೆಂಬರ್‌ನ ಒಂದು ಸಂಜೆಯ ಕಾರ್ಯಕ್ರಮಕ್ಕೆ ಬಿಟ್ಟುಬಿಡುತ್ತೇವೆ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಬೈತ್ ಜಾಲಾದವರು ಮೂರನೇ ತಲೆಮಾರಿಗೂ ಊರು, ಕೇರಿ, ಮನೆತನ ಹೇಳುತ್ತಾರೆ. ನಮ್ಮ ಮಕ್ಕಳನ್ನು ಕೇಳಿದರೆ "ಬೆಂಗಳೂರು" ಎನ್ನುತ್ತಾರೆ, ಅಜ್ಜನ ಮನೆ ಎಲ್ಲೇ ಇರಲಿ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಒಂದರಲ್ಲಿ ಮಾತ್ರ ಅವರ ಅನುಭವ ನಮಗೆ ಬೇರೆಯೇ ಪಾಠ ಹೇಳುತ್ತದೆ. ಕಳೆದ ಚಳಿಗಾಲದಲ್ಲಿ ಆ ಹಿರಿಯರು ಮೇಜಿನ ಡ್ರಾಯರ್‌ನಿಂದ ಒಂದು ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಅಜ್ಜನದು. ಯಾರಿಂದ ಎಷ್ಟು ಮಾಲು ಕಡ ತಂದೆ, ಯಾವ ಮನೆಗೆ ಎಷ್ಟು ಕೊಟ್ಟೆ, ಎಲ್ಲ ಅರಬಿಯಲ್ಲಿದೆ. ಅವರಿಗೆ ಓದಲು ಬರುವುದಿಲ್ಲ. ಮಗ ಶಾಲೆಯಲ್ಲಿ ತುರ್ಕೊ ಎನಿಸಿಕೊಳ್ಳುವುದು ಬೇಡವೆಂದು ಅಪ್ಪ ಮನೆಯಲ್ಲಿ ಅರಬಿ ನಿಲ್ಲಿಸಿದ್ದರಂತೆ. ಪುಟ ತಿರುಗಿಸುತ್ತಾ, ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಸುಮ್ಮನೆ ಕೂತಿದ್ದರು.

ದೊಡ್ಡಪ್ಪನದೂ ಅಂಥದೇ ಒಂದು ಪುಸ್ತಕ ನಮ್ಮ ಮನೆಯಲ್ಲಿದೆ. ಮೊದಲ ಹೋಟೆಲ್ ಹಾಕಲು ಊರಿನ ಯಾರು ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ. ಅಣ್ಣನಿಗೆ ಹೇಳಿ ಅದರ ಫೋಟೋ ತರಿಸಿಕೊಂಡೆ. ಈಗ ಭಾನುವಾರ ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಒಂದೊಂದೇ ಸಾಲು ಓದಿಸುತ್ತಿದ್ದೇನೆ. ಕಾಗುಣಿತದಲ್ಲಿ ಇನ್ನೂ ತಡವರಿಸುತ್ತಾನೆ. ಹೋದ ವಾರ ನಾಲ್ಕನೇ ಹೆಸರಿನವರೆಗೆ ಬಂದ. "ಇವರು ಯಾರು ಅಪ್ಪ?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆವು.